ಬೇವಿನ ಮರದ ಕೆಳಗಿನ ಕಾಂಟೆಸ್ಸಾ: ಕಲಬುರಗಿ ಬಿಸಿಲಿಗೆ ಹಳೆ ಗಾಡಿ ಎಬ್ಬಿಸೋದು ಹೇಗೆ

ನನ್ನದು ಕಲಬುರಗಿಯಲ್ಲಿ ಮೆಡಿಕಲ್ ಶಾಪ್. ಗಾಡಿ ರಿಪೇರಿ ನನ್ನ ಕಸುಬಲ್ಲ. ಸೇಡಂನಲ್ಲಿದ್ದ ಸೋದರಮಾವ ತೀರಿಕೊಂಡ ಮೇಲೆ, ಅವರ ಹಿತ್ತಲಲ್ಲಿ ಬೇವಿನ ಮರದ ಕೆಳಗೆ ಹನ್ನೊಂದು ವರ್ಷ ನಿಂತಿದ್ದ ಕಾಂಟೆಸ್ಸಾ ಕಾರು ನನ್ನ ಪಾಲಿಗೆ ಬಂತು. ಅತ್ತೆ ಹೇಳಿದ್ದು ಇಷ್ಟೇ: "ನೀ ಒಯ್ಯಲಿಲ್ಲಂದ್ರ ಗುಜರಿಯವನಿಗೆ ಕೊಡ್ತೀನಿ ನೋಡಪಾ." ಒಯ್ದೆ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮತ್ತು ಭಾನುವಾರ, ಹೀಗೆ ಎರಡೂವರೆ ವರ್ಷ ಹಿಡಿಯಿತು.

ಕಾಂಟೆಸ್ಸಾ ಎರಡು ಬಾಗಿಲಿನ ಅಸಲಿ ಕೂಪೆ ಅಲ್ಲ, ಬಾಗಿಲು ನಾಲ್ಕಿವೆ. ಆದರೆ ಆ ಉದ್ದನೆ ಬಾನೆಟ್, ಹಿಂದಿನ ಚಕ್ರದಿಂದ ಓಡುವ ಗತ್ತು ನೋಡಿ ಬೆಳೆದ ನಮ್ಮಂಥವರಿಗೆ ಸ್ಪೋರ್ಟ್ಸ್ ಕಾರ್ ಅಂದರೆ ಅದೇ. ಹಿಂದೂಸ್ತಾನ್ ಮೋಟರ್ಸ್ ಇದನ್ನು 1984ರಿಂದ 2002ರವರೆಗೆ ಮಾಡಿತು. ಮೈಕಟ್ಟು ಇಂಗ್ಲೆಂಡಿನ ವಾಕ್ಸ್‌ಹಾಲ್‌ನದು. ಮೊದಮೊದಲು 1.5 ಲೀಟರಿನ ಎಂಜಿನ್ ಇತ್ತು, ಆನೆಗೆ ಆಡಿನ ಕಾಲು ಕೊಟ್ಟ ಹಾಗೆ. ಆಮೇಲೆ ಇಸುಜು ಕಂಪನಿಯ 1.8 ಲೀಟರ್ ಎಂಜಿನ್ ಬಂತು. ನೀವು ಕೊಳ್ಳುವುದಿದ್ದರೆ ಇಸುಜು ಎಂಜಿನ್ನಿನದನ್ನೇ ಹುಡುಕಿ. ನನ್ನದೂ ಅದೇ.

ಎಲ್ಲರೂ ಮಾಡುವ ತಪ್ಪು ಒಂದೇ. ಗಾಡಿ ಮನೆಗೆ ಬಂದ ದಿನವೇ ಯಾವ ಬಣ್ಣ ಅಂತ ಚರ್ಚೆ ಶುರು ಮಾಡುತ್ತಾರೆ. ಬಣ್ಣ ಬಿಡಿ. ನಮ್ಮ ಊರಲ್ಲಿ ಗಾಡಿ ಕೊಲ್ಲುವುದು ಬಿಸಿಲು ಮತ್ತು ಬೋರ್‌ವೆಲ್ ನೀರು. ಕೆಲಸ ಅಲ್ಲಿಂದಲೇ ಹಿಡಿಯಬೇಕು.

ಮೊದಲು ನೆಲ ನೋಡಿ

ನಮ್ಮ ಕಡೆ ಅಂಗಳಕ್ಕೆಲ್ಲ ಶಹಾಬಾದ್ ಪರ್ಸಿ ಕಲ್ಲಿನ ಹಾಸು. ನೋಡಲು ಗಟ್ಟಿ. ಕೆಳಗೆ ಮಣ್ಣು ಕುಸಿದಿದ್ದರೆ ಮಾತ್ರ ಜಾಕಿನ ಸಣ್ಣ ಪಾದದ ಭಾರಕ್ಕೇ ಟಪ್ ಅಂತ ಒಡೆಯುತ್ತದೆ. ನನಗೂ ಒಡೆಯಿತು. ಗಾಡಿ ನಾಲ್ಕು ಬೆರಳಿನಷ್ಟು ಪಕ್ಕಕ್ಕೆ ಜಾರಿತು. ನಾನು ಆಗ ಒಳಗೆ ಚಹಾ ಕುಡಿಯುತ್ತಿದ್ದೆ, ಅದಕ್ಕೇ ಈಗ ಇದನ್ನು ಬರೆಯುತ್ತಿದ್ದೇನೆ. ಸುತ್ತಿಗೆಯ ಹಿಡಿಯಿಂದ ಒಂದೊಂದು ಕಲ್ಲನ್ನೂ ತಟ್ಟಿ. ಟೊಳ್ಳು ಸದ್ದು ಬಂದ ಕಡೆ ಜಾಕ್ ಇಡಬೇಡಿ. ಉಳಿದ ಕಡೆಯೂ ಎರಡು ಇಂಚು ದಪ್ಪದ ಹಲಗೆ ಹಾಸಿ. ಜಾಕ್ ಎತ್ತುವುದಕ್ಕೆ ಮಾತ್ರ. ಗಾಡಿ ನಿಲ್ಲಬೇಕಾದದ್ದು ಸ್ಟ್ಯಾಂಡ್ ಮೇಲೆ.

ಬಿಚ್ಚಿದ ಬೋಲ್ಟುಗಳನ್ನು ನಾನು ಖಾಲಿ ಮಾತ್ರೆ ಡಬ್ಬಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿದೆ: "ರೇಡಿಯೇಟರ್, ಎಡಗಡೆ, 4". ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೋ. ನೆನಪಿರುತ್ತದೆ ಅನ್ನುವ ಧೈರ್ಯ ಬೇಡ, ಇರೋದಿಲ್ಲ.

ಎಂಜಿನ್: ಕೀಲಿ ತಿರುಗಿಸಬೇಡಿ

ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವ ಆಸೆ ಎಲ್ಲರಿಗೂ ಬರುತ್ತದೆ. ವರ್ಷಗಟ್ಟಲೆ ನಿಂತ ಎಂಜಿನ್ನಿನಲ್ಲಿ ಪಿಸ್ಟನ್ ರಿಂಗ್ ಸಿಲಿಂಡರಿನ ಗೋಡೆಗೆ ಅಂಟಿಕೊಂಡಿರಬಹುದು. ಒಣ ಗೋಡೆಯ ಮೇಲೆ ಜೋರಾಗಿ ಎಳೆದರೆ ಗೀರು ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ. ಸಿರಿಂಜಿನಿಂದ ಒಂದೊಂದು ಸಿಲಿಂಡರಿಗೆ ಹತ್ತು ಎಂಎಲ್ ಆಯಿಲ್ ಬಿಡಿ. ನಾನು ಅರ್ಧ ಎಂಜಿನ್ ಆಯಿಲ್, ಅರ್ಧ ಡೀಸೆಲ್ ಬೆರೆಸಿದ್ದೆ. ಎರಡು ದಿನ ಸುಮ್ನೆ ಬಿಡಿ. ಆಮೇಲೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟಿಗೆ ಪಾನಾ ಹಾಕಿ ಕೈಯಿಂದಲೇ ನಿಧಾನವಾಗಿ ತಿರುಗಿಸಿ. ಹಟ ಮಾಡಿದರೆ ಇನ್ನೆರಡು ದಿನ. ನನ್ನದು ಐದನೇ ದಿನ ಅಲುಗಾಡಿತು. ಆ ಹಳೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಮೇಲೆಯೇ ಸೆಲ್ಫ್.

ಶುರುವಾದ ಮೇಲೆ ಕಂಪ್ರೆಷನ್, ಅಂದರೆ ಸಿಲಿಂಡರಿನೊಳಗಿನ ಒತ್ತಡ, ನೋಡಿಸಿ. ನಾಲ್ಕೂ ಸಿಲಿಂಡರ್ ಹೆಚ್ಚುಕಮ್ಮಿ ಒಂದೇ ಅಂಕಿ ತೋರಿಸಿದರೆ ಎಂಜಿನ್ ಬಿಚ್ಚಬೇಡಿ. ಬಿಚ್ಚಿ ಹಾಕಿ ಅನ್ನುವವರು ಸಿಗುತ್ತಾರೆ. ಅವರಿಗೆ ಕೆಲಸ ಬೇಕಿರುತ್ತದೆ.

ನೀರು, ಬಿಸಿ, ಮತ್ತೆ ನೀರು

ನಮ್ಮದು ಸುಣ್ಣಕಲ್ಲಿನ ಸೀಮೆ. ವಾಡಿ, ಸೇಡಂ, ಮಳಖೇಡದಲ್ಲಿ ಸಿಮೆಂಟ್ ಫ್ಯಾಕ್ಟರಿ ಇರುವುದೇ ಅದಕ್ಕೆ. ಆ ಸುಣ್ಣ ಬೋರ್ ನೀರಿನಲ್ಲೂ ಬರುತ್ತದೆ. ಮನೆಯ ನೀರು ಕಾಯಿಸುವ ಕಾಯ್ಲ್ ನೋಡಿ, ಬಿಳಿ ಚಕ್ಕೆ ಕಟ್ಟಿರುತ್ತದೆ. ಮಾವ ವರ್ಷಾನುಗಟ್ಟಲೆ ಅದೇ ನೀರನ್ನು ಕೊಡದಿಂದ ರೇಡಿಯೇಟರಿಗೆ ಸುರಿದಿದ್ದರು. ಕ್ಯಾಪ್ ತೆಗೆದಾಗ ಒಳಗಿನ ನಳಿಗೆಗಳು ವೀಳ್ಯದ ಸುಣ್ಣದ ಡಬ್ಬಿಯಂತೆ ಕಂಡವು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಲೀಟರಿಗೆ ಇಪ್ಪತ್ತು ಗ್ರಾಂ ಸಾಕು. ತುಂಬಿಸಿ, ಎಂಜಿನ್ ಬಿಸಿಯಾಗುವವರೆಗೆ ನಡೆಸಿ, ಆರಿದ ಮೇಲೆ ಖಾಲಿ ಮಾಡಿ. ರಾತ್ರಿಯಿಡೀ ಒಳಗೆ ಬಿಡಬೇಡಿ, ಲೋಹವನ್ನೂ ತಿನ್ನುತ್ತದೆ. ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ನನಗೆ ಮೂರು ಸಲ ಬೇಕಾಯಿತು. ಅಷ್ಟಾದರೂ ಬಿಡದಿದ್ದರೆ ರೇಡಿಯೇಟರ್ ಅಂಗಡಿಯವರು ಟ್ಯಾಂಕ್ ಬಿಚ್ಚಿ ಕಡ್ಡಿ ಹಾಕಿ ನಳಿಗೆ ಬಿಡಿಸಿ ಕೊಡುತ್ತಾರೆ.

ಇನ್ನು ಮುಂದೆ ಡಿಸ್ಟಿಲ್ಡ್ ವಾಟರ್ ಮತ್ತು ಕೂಲೆಂಟ್ ಮಾತ್ರ. ಕೂಲೆಂಟ್ ಜಾಸ್ತಿ ಹಾಕಿದಷ್ಟೂ ತಂಪು ಅನ್ನುವುದು ತಪ್ಪು. ಶಾಖ ಹೊರುವುದರಲ್ಲಿ ಬರೀ ನೀರೇ ಮೇಲು. ಕೂಲೆಂಟ್ ಮಾಡುವುದು ಕುದಿಯುವ ಮಟ್ಟ ಏರಿಸುವುದು, ತುಕ್ಕು ತಡೆಯುವುದು. ನೀರು ಹೆಪ್ಪುಗಟ್ಟುವ ಚಳಿ ನಮಗಿಲ್ಲ, ಆದ್ದರಿಂದ ಮೂರರಲ್ಲಿ ಒಂದು ಪಾಲು ಕೂಲೆಂಟ್ ನನಗೆ ಸಾಕಾಗಿದೆ. ರೇಡಿಯೇಟರ್ ಕ್ಯಾಪ್ ಹೊಸದು ಹಾಕಿ. ಅದರ ಸ್ಪ್ರಿಂಗ್ ಸಡಿಲಾದರೆ ಒಳಗೆ ಒತ್ತಡ ನಿಲ್ಲುವುದಿಲ್ಲ, ನೀರು ಬೇಗ ಕುದಿಯುತ್ತದೆ.

ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ಥರ್ಮೋಸ್ಟ್ಯಾಟ್ ವಿಷಯಕ್ಕೆ ಜಗಳವೇ ಆಯಿತು. ನಮ್ಮ ಮೆಕ್ಯಾನಿಕ್ ಉಸ್ತಾದ್ ಹೇಳಿದರು, "ಅದ್ ಬ್ಯಾಡ್ರೀ ಸರ್, ನಮ್ ಬಿಸಲಿಗಿ ಅದನ್ನ ಕಿತ್ತೇ ಒಗೀತೀವಿ." ಕಿತ್ತರೆ ಎಂಜಿನ್ ಸರಿಯಾದ ಶಾಖಕ್ಕೇ ಬರುವುದಿಲ್ಲ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ, ಆಯಿಲ್ ಕೆಸರಾಗುತ್ತದೆ. ಕೀಳುವ ಬದಲು ಪರೀಕ್ಷೆ ಮಾಡಿ. ಪಾತ್ರೆಯ ನೀರಲ್ಲಿ ದಾರ ಕಟ್ಟಿ ಇಳಿಬಿಟ್ಟು ಕಾಯಿಸಿ. ಅದರ ಮೇಲೆ ಕೆತ್ತಿದ ಅಂಕಿಯ ಹತ್ತಿರ ಅದು ತೆರೆಯಬೇಕು. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬರುವುದಿಲ್ಲ, ಅದು 42 ಡಿಗ್ರಿಗೆ ನಿಲ್ಲುತ್ತದೆ. ನಮ್ಮೂರ ಮೇ ತಿಂಗಳೇ ಅದನ್ನು ದಾಟಿಬಿಡುತ್ತದೆ. ಲ್ಯಾಬಿನದು ಬೇಕು.

ಬ್ರೇಕ್ ಮತ್ತು ಪೆಟ್ರೋಲ್

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಆ ತೇವ ಬಿಸಿಯಾಗಿ ಆವಿಯಾದರೆ ಪೆಡಲ್ ಪೊಳ್ಳಾಗಿ ಕೆಳಗೆ ಹೋಗುತ್ತದೆ. ಹಳೆಯದನ್ನು 50 ಎಂಎಲ್ ಸಿರಿಂಜಿನಿಂದ ಹೀರಿ ತೆಗೆದೆ. ಎಲ್ಲ ರಬ್ಬರ್ ಹೋಸ್, ಸಿಲಿಂಡರಿನ ಕಪ್ ಹೊಸದು ಹಾಕಿ. ಇಲ್ಲಿ ಉಳಿತಾಯ ನೋಡಬೇಡಿ. ಆ ರಬ್ಬರನ್ನು ಪೆಟ್ರೋಲಿನಲ್ಲಿ ತೊಳೆಯಬಾರದು, ಉಬ್ಬುತ್ತದೆ. ಬ್ರೇಕ್ ಆಯಿಲಿನಲ್ಲೇ ತೊಳೆಯಿರಿ. ಬ್ರೇಕ್ ಪೈಪಿನ ಏರ್ ತೆಗೆಯುವಾಗ, ಪೆಡಲ್ ತುಳಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ ಚಕ್ರದಿಂದ ಶುರು ಮಾಡಿ. ಪೆಡಲ್ ತುಳಿಯುವ ಕೆಲಸ ಮಗಳದು. "ತುಳಿ, ಹಿಡಿ, ಬಿಡು" ಅಂತ ಹದಿನೈದು ನಿಮಿಷ ಕೂಗಿದ್ದಕ್ಕೆ ಪಕ್ಕದ ಮನೆಯವರು ಬಂದು ವಿಚಾರಿಸಿಕೊಂಡು ಹೋದರು.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್. ಹಳೆ ಗಾಡಿಯ ರಬ್ಬರ್ ಪೈಪ್, ಪಂಪಿನ ಡಯಾಫ್ರಾಮ್ ಅದಕ್ಕೆ ಮಾಡಿದ್ದಲ್ಲ. ಎಥನಾಲ್ ತಾಳುವಂಥದ್ದನ್ನು ಕೇಳಿ ಹಾಕಿ. ಪೈಪನ್ನು ಸೈಲೆನ್ಸರ್ ಕಡೆಯ ಶಾಖದಿಂದ ದೂರ ಕಟ್ಟಿ. ಇಲ್ಲದಿದ್ದರೆ ಏಪ್ರಿಲಿನ ಮಧ್ಯಾಹ್ನ ಪೆಟ್ರೋಲ್ ಪೈಪಿನಲ್ಲೇ ಆವಿಯಾಗಿ ಗಾಡಿ ನಡುರಸ್ತೆಯಲ್ಲಿ ನಿಲ್ಲುತ್ತದೆ.

ಪತ್ರಾ, ತುಕ್ಕು, ಲಪ್ಪಂ

ಬಟ್ಟೆ ಸುತ್ತಿದ ಆಯಸ್ಕಾಂತವನ್ನು ಗಾಡಿಯ ಪತ್ರಾ, ಅಂದರೆ ಹೊರಗಿನ ತಗಡಿನ ಮೇಲೆಲ್ಲ ಸರಿಸಿ. ಎಲ್ಲಿ ಹಿಡಿಯುವುದಿಲ್ಲವೋ ಅಲ್ಲಿ ಲಪ್ಪಂ (ಪುಟ್ಟಿ) ಇದೆ. ನಮ್ಮ ಗಾಡಿಯ ಹಿಂದಿನ ಚಕ್ರದ ಕಮಾನು ನೋಡಿ ಟಿಂಕರ್ ನಕ್ಕುಬಿಟ್ಟ: "ಇದು ಪತ್ರಾ ಅಲ್ರೀ, ಪೂರಾ ಲಪ್ಪಂ ಅದ." ಬೇವಿನ ಎಲೆ ಕೊಳೆತು ಮುಂಗಾಜಿನ ಬುಡದಲ್ಲಿ ತುಂಬಿತ್ತು. ಅಲ್ಲಿ ನೀರು ನಿಂತು ಕಾರ್ಪೆಟ್ ಕೆಳಗಿನ ನೆಲವೂ ತೂತಾಗಿತ್ತು. ಬಾಗಿಲಿನ ತಳ, ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ತಟ್ಟೆ ಬಿಡದೆ ನೋಡಿ.

ತೂತಿನ ಮೇಲೆ ಲಪ್ಪಂ ಮೆತ್ತಿದರೆ ಒಂದು ಮಳೆಗಾಲ ಬಾಳುತ್ತದೆ. ಕೊಳೆತದ್ದನ್ನು ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ, ಹೊಸ ಪತ್ರಾ ವೆಲ್ಡ್ ಮಾಡಿಸಿ. ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ವೈರ್ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಇಳಿಸಿ. ಒಂದೇ ಕಡೆ ಉದ್ದಕ್ಕೆ ಬೆಸೆದರೆ ಪತ್ರಾ ಸೊಟ್ಟಗಾಗುತ್ತದೆ. ಇಲ್ಲೊಂದು, ಅಲ್ಲೊಂದು ಚುಕ್ಕೆ ಹಾಕುತ್ತ ಹೋಗಲಿ. ಆಮೇಲೆ ಎಪಾಕ್ಸಿ ಪ್ರೈಮರ್. ಲಪ್ಪಂ ಕೊನೆಗೆ, ಎರಡು ಮೂರು ಮಿಲಿಮೀಟರ್, ಅಷ್ಟೇ.

ಬಣ್ಣದ ಕಾಲ ಹೇಳಿಬಿಡುತ್ತೇನೆ. ಬೇಸಿಗೆಯಲ್ಲಿ ಬೇಡ, ಗನ್ನಿನಿಂದ ಹೊರಟ ಬಣ್ಣ ಪತ್ರಾ ಮುಟ್ಟುವ ಮುಂಚೆಯೇ ಒಣಗಿ ತರಿತರಿಯಾಗುತ್ತದೆ. ಮಳೆಗಾಲವೂ ಬೇಡ. ಡಿಸೆಂಬರ್ ತಂಪಾಗಿದೆ ಅಂತ ನಾನು ಬಾನೆಟ್ಟಿಗೆ ಪ್ರೈಮರ್ ಹೊಡೆದೆ. ಮನೆ ಹಿಂದಿನ ಹೊಲದಲ್ಲಿ ಅದೇ ದಿನ ತೊಗರಿ ರಾಶಿ ಇಟ್ಟುಕೊಂಡಿದ್ದರು. ಮಷಿನ್ ಶುರುವಾದ ಅರ್ಧ ಗಂಟೆಗೆ ಬಾನೆಟ್ ತುಂಬ ಹೊಟ್ಟು! ಇಡೀ ವಾರ ಪೇಪರ್ ಉಜ್ಜಿದೆ. ರಾಶಿ ಮುಗಿದ ಮೇಲೆ ಫೆಬ್ರವರಿಯ ಬೆಳಗ್ಗೆ ಹೊಡೆಯಿರಿ, ನೆಲಕ್ಕೆ ನೀರು ಚಿಮುಕಿಸಿ. ಕೊನೆಯ ಪಿಯು (ಪಾಲಿಯುರೆಥೇನ್) ಕೋಟ್ ಮಾತ್ರ ಮನೆಯಲ್ಲಿ ಬೇಡ. ಅದರ ಹಾರ್ಡನರಿನಲ್ಲಿರುವ ಐಸೋಸಯನೇಟ್ ಆಸ್ತಮಾ ತರಿಸುವ ವಸ್ತು. ನಾನು ಇನ್‌ಹೇಲರ್ ಮಾರುವವನು, ನನ್ನ ಮಾತು ನಂಬಿ. ಬೂತ್ ಇರುವ ಕಡೆ ಕೊಟ್ಟುಬಿಡಿ.

ನಿಮ್ಮ ಗುರುತು

ವಾಪಸ್ ಬಿಚ್ಚಬಹುದಾದ ಬದಲಾವಣೆ ಮಾತ್ರ ಮಾಡಿ, ಇದು ನನ್ನ ಲೆಕ್ಕ. ಕಾನೂನೂ ಹೆಚ್ಚುಕಮ್ಮಿ ಅದೇ ಹೇಳುತ್ತದೆ. ಕಂಪನಿ ಕೊಟ್ಟ ಮೂಲ ರಚನೆ ಬದಲಿಸುವಂತಿಲ್ಲ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬಣ್ಣ ಬದಲಿಸಿದರೆ ಆರ್‌ಸಿಯಲ್ಲಿ ಬರೆಸಬೇಕು. ಎಂಜಿನ್ ಬದಲಿಸುವ ಮುಂಚೆಯೇ ಆರ್‌ಟಿಒ ಒಪ್ಪಿಗೆ ಬೇಕು. ಹದಿನೈದು ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ. ವಿಂಟೇಜ್ ಅಂತ ಬರೆಸುತ್ತೇನೆ ಅನ್ನಬೇಡಿ, ಅದಕ್ಕೆ ಐವತ್ತು ವರ್ಷ ಆಗಿರಬೇಕು.

ಹೆಡ್‌ಲೈಟಿಗೆ ರಿಲೇ ಹಾಕಿಸಿ, ಅದು ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಚ್ಚುವ ಸ್ವಿಚ್. ಬೆಳಕಿನ ಕರೆಂಟೆಲ್ಲ ಹಳೆ ಸ್ವಿಚ್ಚಿನ ಮೂಲಕ ಹೋದರೆ ಸ್ವಿಚ್ ಕರಗುತ್ತದೆ, ಬೆಳಕೂ ಮಂಕು. ಬ್ಯಾಟರಿಯಿಂದ ಫ್ಯೂಸ್ ಹಾಕಿದ ದಪ್ಪ ವೈರ್ ನೇರ ರಿಲೇಗೆ ಬರಲಿ. ಮಾಮೂಲಿ 60/55 ವ್ಯಾಟ್ ಬಲ್ಬಿನಲ್ಲೇ ರಾತ್ರಿ ಜೇವರ್ಗಿ ರೋಡ್ ಚೆನ್ನಾಗಿ ಕಾಣುತ್ತದೆ.

ಶೋಕಿಗೆ ಅಂತ ಮಾಡಿದ್ದು ಒಂದೇ: ಬೀದರಿನ ಕಸುಬುದಾರರೊಬ್ಬರಿಂದ ಬಿದ್ರಿ ಗೇರ್ ನಾಬ್. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದು, ಕೆತ್ತಿ, ಬೆಳ್ಳಿ ತಂತಿ ಕೂರಿಸಿ, ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರದ ದ್ರಾವಣದಲ್ಲಿ ಕಪ್ಪು ಮಾಡುತ್ತಾರೆ. ಬೆಳ್ಳಿ ಹಾಗೇ ಹೊಳೆಯುತ್ತದೆ, ಸುತ್ತಲಿನದು ಮಾತ್ರ ಕಪ್ಪಾಗುತ್ತದೆ. ಮಾಡಿಸುವುದಿದ್ದರೆ ಹಳೆ ನಾಬನ್ನೇ ಒಯ್ಯಿರಿ, ಒಳಗಿನ ಮರೆಯ (ತಿರುಪಿನ ಸುತ್ತಿನ) ಅಳತೆ ಬಾಯಲ್ಲಿ ಹೇಳಿದರೆ ತಪ್ಪುತ್ತದೆ. ಸತು ಮೆದು, ಗೇರ್ ಹಾಕುತ್ತ ಹಾಕುತ್ತ ಮರೆ ಸವೆಯುತ್ತದೆ. ಒಳಗೆ ಹಿತ್ತಾಳೆಯ ನಟ್ ಕೂರಿಸಲು ಹೇಳಿ. ಮತ್ತೆ, ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಅದನ್ನು ಬರಿಗೈಯಲ್ಲಿ ಮುಟ್ಟಬೇಡಿ. ನನ್ನ ಅಂಗೈಯಲ್ಲಿ ಒಂದು ಸಣ್ಣ ಹೂವಿನ ಗುರುತು ಎರಡು ವಾರ ಇತ್ತು. ಈಗ ಮನೆಯಾಕೆ ಹಳೆ ಕೌದಿಯ ತುಂಡಿನಿಂದ ಅದಕ್ಕೊಂದು ಟೊಪ್ಪಿಗೆ ಹೊಲಿದುಕೊಟ್ಟಿದ್ದಾಳೆ.