ಹೆಸರು ಮರೆತ ಧಾರಾವಾಹಿಯನ್ನು ಹುಡುಕುವ ಮುನ್ನ

ಬಾಲ್ಯದಲ್ಲಿ ನೋಡಿದ ವಿಚಿತ್ರ ಧಾರಾವಾಹಿಯೊಂದು ಹೆಸರಿಲ್ಲದೆ ತಲೆಯಲ್ಲಿ ಸುಳಿದಾಡುತ್ತಿದ್ದರೆ, ತಕ್ಷಣ ಮೊಬೈಲಿನಲ್ಲಿ ಹುಡುಕಲು ಕೂರಬೇಡಿ. ಮೊದಲು ನೋಟ್‌ಬುಕ್ಕೊಂದರಲ್ಲಿ ನೆನಪಿರುವುದನ್ನೆಲ್ಲ ತಪ್ಪುಗಳ ಸಮೇತ ಬರೆದಿಡಿ. ನಿಜವಾದ ಕಂತನ್ನು ಒಮ್ಮೆ ನೋಡಿದಿರೆಂದರೆ ನಿಮ್ಮ ನೆನಪಿನ ಕಂತು ಅಳಿಸಿಹೋಗುತ್ತದೆ.

ಶಿಡ್ಲಘಟ್ಟದ ಕಡೆ ಬೆಳೆದ ನಮ್ಮಂಥವರಿಗೆ ಈ ಎಚ್ಚರ ಇನ್ನೂ ಅಗತ್ಯ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುತ್ತಿದ್ದ ನಮಗೆ ದೂರದರ್ಶನದ ಮಾತು ಅರ್ಧಕ್ಕರ್ಧ ತಿಳಿಯುತ್ತಿರಲಿಲ್ಲವಾದ್ದರಿಂದ, ಉಳಿದರ್ಧ ಕಥೆಯನ್ನು ನಾವೇ ಕಟ್ಟಿಕೊಳ್ಳುತ್ತಿದ್ದೆವು. 1967–68ರಲ್ಲಿ ಜಪಾನಿನಲ್ಲಿ ತಯಾರಾದ ‘ಜೈಂಟ್ ರೋಬೋಟ್’ನಲ್ಲಿ ಹುಡುಗನೊಬ್ಬ ಕೈಗಡಿಯಾರದ ಮೂಲಕ ದೈತ್ಯ ಯಂತ್ರಕ್ಕೆ ಅಪ್ಪಣೆ ಕೊಡುತ್ತಾನೆ. ಆ ಗಡಿಯಾರದೊಳಗೆ ಅವನ ಸತ್ತ ಅಜ್ಜ ಇದ್ದಾನೆ, ರೋಬೋಟು ಆ ಅಜ್ಜನ ಮಾತನ್ನಷ್ಟೇ ಕೇಳುತ್ತದೆ ಎಂಬುದು ನಮ್ಮ ಅಕ್ಕನ ವ್ಯಾಖ್ಯಾನ. ಇಂಥದ್ದು ಯಾವ ವಿಡಿಯೊದಲ್ಲಿಯೂ ಸಿಗುವುದಿಲ್ಲ.

ಕಾಲವನ್ನು ಗುರುತಿಸುವಾಗ ಮನೆಯ ಹಿರಿಯರನ್ನು ‘ಅದು ಯಾವ ವರ್ಷ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ; ‘ಆಗ ಮನೆಯಲ್ಲಿ ಏನು ನಡೆಯುತ್ತಿತ್ತು’ ಎಂದು ಕೇಳಬೇಕು. ರೇಷ್ಮೆ ಸಾಕುವ ಮನೆಗಳಲ್ಲಿ ಇದು ಚೆನ್ನಾಗಿ ಫಲಿಸುತ್ತದೆ. ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಕಳಚುವಾಗ, ಸೊಪ್ಪು ತಿನ್ನುವುದಿಲ್ಲವಾದ್ದರಿಂದ ದೊಡ್ಡವರೂ ಟಿ.ವಿ. ಮುಂದೆ ಕೂರುತ್ತಿದ್ದರು, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ (ಗೂಡು ಕಟ್ಟುವ ಬಿದಿರಿನ ತಟ್ಟಿಗೆ) ಬಿಡುವ ದಿನವಾದರೆ ಎಂಥ ಧಾರಾವಾಹಿಯೂ ತಪ್ಪಿಹೋಗುತ್ತಿತ್ತು. ಯಾವ ಬೆಳೆಯ ಹುಳು, ಗೂಡಿಗೆ ಆಗ ಏನು ಬೆಲೆ ಸಿಕ್ಕಿತು ಎಂಬುದು ಅಮ್ಮನಿಗೆ ಇಂದಿಗೂ ನೆನಪಿದೆ. ಆ ಎಳೆಯನ್ನು ಹಿಡಿದು, 1987ರ ಜನವರಿಯಲ್ಲಿ ಆರಂಭವಾದ ‘ರಾಮಾಯಣ’ಕ್ಕಿಂತ ಮೊದಲೋ, 1997ರ ‘ಶಕ್ತಿಮಾನ್’ಗಿಂತ ಈಚೆಗೋ ಎಂದು ವಿಚಾರಿಸಿದರೆ ಕಾಲ ಸುಮಾರಾಗಿ ನಿಲ್ಲುತ್ತದೆ.

ಆದರೆ ಎರಡು ಸಾಕ್ಷ್ಯಗಳನ್ನು ನಂಬಲೇಬೇಡಿ. ಒಂದು, ಬಣ್ಣ: ದೂರದರ್ಶನದಲ್ಲಿ 1982ರಲ್ಲೇ ಬಣ್ಣ ಬಂದಿದ್ದರೂ ಹಳ್ಳಿಯ ಪೆಟ್ಟಿಗೆಗಳು ಬಹುಕಾಲ ಕಪ್ಪು–ಬಿಳುಪಾಗಿಯೇ ಇದ್ದವು. ಇನ್ನೊಂದು, ಭಾಷೆ. ಶಂಕರ್ ನಾಗ್ ನಿರ್ದೇಶಿಸಿ ಆಗುಂಬೆಯಲ್ಲಿ ಚಿತ್ರೀಕರಿಸಿದ ‘ಮಾಲ್ಗುಡಿ ಡೇಸ್’ ಅನ್ನು ನಾವು ಆಗ ನೋಡಿದ್ದು ಹಿಂದಿಯಲ್ಲಿ; ಆದರೂ ಮುಖಗಳೆಲ್ಲ ನಮ್ಮವೇ ಆಗಿದ್ದುದರಿಂದ, ಮಾಸ್ಟರ್ ಮಂಜುನಾಥ್ ಆಡಿದ್ದು ಕನ್ನಡವೇ ಎಂದು ನಾನೂ ಬಹಳ ವರ್ಷ ವಾದಿಸಿದ್ದೆ. ಆದರೆ ಕರಾವಳಿಯ ಮನೆ, ಭೂತದ ಭಯ, ಚಿಕ್ಕ ವಯಸ್ಸಿನ ಪ್ರಕಾಶ್ ರೈ ಇವು ಒಟ್ಟಿಗೆ ನೆನಪಾದರೆ ಅನುಮಾನವೇ ಬೇಡ, ಅದು ‘ಗುಡ್ಡದ ಭೂತ’, ಅದು ಕನ್ನಡದ್ದೇ.

ಇಷ್ಟಾದ ಮೇಲೆ ಹುಡುಕಿ. ಕಂತು ಸಿಕ್ಕಿದಾಗ ನೋಟ್‌ಬುಕ್ಕನ್ನು ಪಕ್ಕದಲ್ಲಿಟ್ಟುಕೊಂಡು, ವ್ಯತ್ಯಾಸಗಳನ್ನು ಬೇರೆ ಬಣ್ಣದ ಶಾಯಿಯಲ್ಲಿ ಬರೆಯಿರಿ. ಹಳೆಯ ಸಾಲನ್ನು ಹೊಡೆದುಹಾಕಬೇಡಿ. ನನ್ನ ಪುಸ್ತಕದಲ್ಲಿ ಗಡಿಯಾರದ ಅಜ್ಜನ ಪಕ್ಕಕ್ಕೆ ಕೆಂಪು ಶಾಯಿಯಲ್ಲಿ ‘ಇಲ್ಲ’ ಎಂದಿದೆ. ಅಕ್ಕ ಅದರ ಕೆಳಗೆ ಪೆನ್ಸಿಲಿನಲ್ಲಿ ‘ಇದ್ದ’ ಎಂದು ಬರೆದಿದ್ದಾಳೆ.