ಕಾಳ್ಗಿಚ್ಚಿನ ಭಯಕ್ಕೆ ಕರೆಂಟ್ ತೆಗೆಯುವ ದಿನಗಳಿಗೆ ಸಿದ್ಧತೆ

ಕ್ಯಾಲಿಫೋರ್ನಿಯಾದಲ್ಲಿ ಒಣಗಾಳಿ ಬಿರುಸಾಗಿ ಬೀಸುವಾಗ, ತಂತಿಯ ಕಿಡಿಯಿಂದ ಕಾಳ್ಗಿಚ್ಚು ಹೊತ್ತಬಾರದೆಂದು ವಿದ್ಯುತ್ ಕಂಪನಿಗಳು ಮುಂಚಿತವಾಗಿಯೇ ಸರಬರಾಜನ್ನು ನಿಲ್ಲಿಸುತ್ತವೆ. 85 ಜನರನ್ನು ಬಲಿ ತೆಗೆದುಕೊಂಡ 2018ರ ‘ಕ್ಯಾಂಪ್ ಫೈರ್’ ಎಂಬ ಕಾಳ್ಗಿಚ್ಚು ಶುರುವಾದದ್ದು ವಿದ್ಯುತ್ ತಂತಿಯಿಂದಲೇ. ಮುನ್ಸೂಚನೆ ಬಂದ ಕೂಡಲೇ ಫೋನುಗಳನ್ನು ಚಾರ್ಜ್ ಮಾಡಿಟ್ಟು, ಗ್ಯಾರೇಜಿನ ಬಾಗಿಲು ಮುಚ್ಚಿರುವಾಗ, ಮೋಟಾರಿನ ಹಳಿಯಿಂದ ಇಳಿಬಿದ್ದಿರುವ ಕೆಂಪು ಹಿಡಿಯ ಹಗ್ಗವನ್ನು ಎಳೆದು, ಕರೆಂಟಿಲ್ಲದೆ ಮೋಟಾರು ಓಡದಿದ್ದಾಗ ಬಾಗಿಲನ್ನು ಕೈಯಿಂದ ಎತ್ತಲು ಸಾಧ್ಯವೇ ಎಂದು ಒಮ್ಮೆ ಪರೀಕ್ಷಿಸಿ. ಹೊಗೆ ಕವಿದ ಕತ್ತಲಲ್ಲಿ ಕಲಿಯುವ ವಿದ್ಯೆ ಅದಲ್ಲ. ಮನೆಯಲ್ಲಿ ಆಕ್ಸಿಜನ್ ಯಂತ್ರವಿದ್ದರೆ ವೈದ್ಯಕೀಯ ಯಂತ್ರಗಳನ್ನು ನಂಬಿರುವ ಗ್ರಾಹಕರಿಗಾಗಿ ಕಂಪನಿ ನಡೆಸುವ ಮೆಡಿಕಲ್ ಬೇಸ್‌ಲೈನ್ ಯೋಜನೆಗೆ ಮೊದಲೇ ಹೆಸರು ನೋಂದಾಯಿಸಿರಬೇಕು.

ಕರೆಂಟ್ ಹೋದ ಮೇಲೆ ಬಾಗಿಲು ತೆರೆಯದಿದ್ದರೆ ಫ್ರಿಜ್ಜಿನ ಆಹಾರ ಸುಮಾರು 4 ಗಂಟೆ, ತುಂಬಿದ ಫ್ರೀಜರಿನದು 48 ಗಂಟೆ ಕೆಡುವುದಿಲ್ಲ. ಆಮೇಲೆ ಬೆಚ್ಚಗಾದ ಹಾಲು, ಮಾಂಸ, ಮಿಕ್ಕ ಸಾರುಗಳನ್ನು ರುಚಿ ನೋಡದೆ ಚೆಲ್ಲಿಬಿಡಿ. ಜನರೇಟರನ್ನು ಗ್ಯಾರೇಜಿನೊಳಗೆ ಎಂದಿಗೂ ಓಡಿಸಬೇಡಿ. ಅದು ಉಗುಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲಕ್ಕೆ ವಾಸನೆಯಿಲ್ಲವಾದ್ದರಿಂದ, ಮನೆಯಿಂದ ಕನಿಷ್ಠ 20 ಅಡಿ ದೂರವಿರಲಿ.