ಹಾಸ್ಟೆಲ್ ಎಸ್‌ಟಿಪಿಗೆ ಎಂಎಬಿಆರ್ ಹಾಕೋದು ಹೇಗೆ? ಕೋಲಾರದ ಕಡೆಯವರಿಗೆ

ನರಸಾಪುರ, ವೇಮಗಲ್, ಮಾಲೂರು ಕಡೆ ಫ್ಯಾಕ್ಟರಿಗಳು ಬಂದ ಮೇಲೆ ಅದರ ಜೊತೆಗೇ ಹಾಸ್ಟೆಲ್ಲು, ಪೀಜಿ, ಲೇಔಟು ಎಲ್ಲಾ ಎದ್ದು ನಿಂತಿವೆ, ದೊಡ್ಡ ಕಟ್ಟಡ ಅಂದ್ರೆ ಹಿಂದುಗಡೆ ಒಂದು ಎಸ್‌ಟಿಪಿ (ಕೊಳಚೆ ನೀರು ಶುದ್ಧ ಮಾಡೋ ಘಟಕ) ಇದ್ದೇ ಇರುತ್ತೆ. ಎಷ್ಟೋ ಕಡೆ ಹೊರಗೆ ಬರೋ ನೀರು ನೋಡೋಕೆ ತಿಳಿಯಾಗಿರುತ್ತೆ, ಬಿಓಡಿ (ನೀರಲ್ಲಿರೋ ಸಾವಯವ ಕೊಳೆಯ ಅಳತೆ) ರಿಪೋರ್ಟೂ ಪರ್ವಾಗಿಲ್ಲ ಅನ್ನೋ ಹಾಗೆ ಇರುತ್ತೆ, ಆದ್ರೆ ಅಮೋನಿಯಾ ಟೆಸ್ಟ್ ಮಾಡಿಸಿದ್ರೆ ಒಳಗೆ ಬಂದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಹಂಗೇ ಹೊರಗೆ ಹೋಗ್ತಿರುತ್ತೆ. ಇದನ್ನ ಹಗುರವಾಗಿ ತಗೋಬೇಡಿ. ವರ್ಷಪೂರ್ತಿ ಹರಿಯೋ ಒಂದು ನದೀನೂ ಇಲ್ಲದ ಜಿಲ್ಲೆ ನಮ್ಮದು, ಕೆರೆಗೆ ಏನು ಬಿಟ್ರೂ ಅದು ಇಳಿಯೋದು ನಮ್ಮ ಬೋರ್‌ವೆಲ್‌ಗೇ. ಅಮೋನಿಯಾ ಮಣ್ಣಲ್ಲಿ ನೈಟ್ರೇಟ್ ಆಗುತ್ತೆ, ಕುಡಿಯೋ ನೀರಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ಭಾರತೀಯ ಮಾನಕ ಹೇಳುತ್ತೆ, ಫ್ಲೋರೈಡ್ ಕಾಟ ಅನುಭವಿಸ್ತಿರೋ ಊರುಗಳಿಗೆ ಇದೊಂದು ಬೇರೆ ಬೇಕಾ? 2018ರಲ್ಲಿ ಕೆಸಿ ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಶುದ್ಧೀಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗಿಂದ ಮೂರನೇ ಹಂತದ ಶುದ್ಧೀಕರಣ ಬೇಕು ಅಂತ ಜಿಲ್ಲೆಯವರು ಕೇಳ್ತಾನೇ ಇದ್ದಾರೆ, ಅದು ನ್ಯಾಯವಾದ ಬೇಡಿಕೆ, ಅದರ ಜೊತೆಗೆ ನಮ್ಮ ಹಿತ್ತಲ ಎಸ್‌ಟಿಪಿನೂ ನಾವು ಸರಿ ಮಾಡ್ಕೋಬೇಕು.

ಎಂಎಬಿಆರ್ ಅಂದ್ರೆ ಮೆಂಬ್ರೇನ್ ಏರೇಟೆಡ್ ಬಯೋಫಿಲ್ಮ್ ರಿಯಾಕ್ಟರ್, ಆ ಅಮೋನಿಯಾ ತೆಗೆಯೋಕೆ ಎಸ್‌ಟಿಪಿಗೆ ಜೋಡಿಸೋ ವ್ಯವಸ್ಥೆ. ಹೆಸರು ಉದ್ದ, ವಿಷಯ ಸರಳ. ಮಾಮೂಲಿ ಏರೇಷನ್ ಟ್ಯಾಂಕಲ್ಲಿ ಬ್ಲೋವರ್ ಗಾಳಿನ ತಳದಿಂದ ಗುಳ್ಳೆಯಾಗಿ ಬಿಡುತ್ತೆ, ಗುಳ್ಳೆ ಮೇಲೆ ಬಂದು ಒಡೆಯುತ್ತೆ, ಅದರಲ್ಲಿದ್ದ ಆಕ್ಸಿಜನ್ನಲ್ಲಿ ಬಹುಪಾಲು ನೀರಿಗೆ ಸೇರದೇ ಆಕಾಶಕ್ಕೆ ಹೋಗುತ್ತೆ. ಎಂಎಬಿಆರ್‌ನಲ್ಲಿ ಸಣ್ಣ ಕೊಳವೆ ಥರದ ಎಳೆಗಳೋ ಸುರುಳಿ ಸುತ್ತಿದ ಹಾಳೆಗಳೋ ಇರುತ್ತವೆ, ಗಾಳಿ ಅದರ ಒಳಗೇ ಓಡಾಡುತ್ತೆ, ಗುಳ್ಳೆ ಬರಲ್ಲ, ಆಕ್ಸಿಜನ್ ಮಾತ್ರ ಗೋಡೆ ದಾಟಿ ಹೊರಗಡೆ ಅಂಟಿಕೊಂಡಿರೋ ಬ್ಯಾಕ್ಟೀರಿಯಾ ಪದರಕ್ಕೆ ಸೇರುತ್ತೆ. ಇದರಲ್ಲಿ ನನಗೆ ತುಂಬಾ ಇಷ್ಟವಾಗೋ ವಿಷಯ ಏನಂದ್ರೆ ಆಕ್ಸಿಜನ್ ಪದರದ ಒಳಗಿನಿಂದ ಬರುತ್ತೆ, ಕೊಳೆ ಹೊರಗಿನಿಂದ ಬರುತ್ತೆ. ಹಾಗಾಗಿ ಮೆಂಬ್ರೇನ್‌ಗೆ ಅಂಟಿಕೊಂಡ ಜಾಗದಲ್ಲಿ ಆಕ್ಸಿಜನ್ ಧಾರಾಳ, ಅಲ್ಲಿ ಅಮೋನಿಯಾನ ನೈಟ್ರೇಟ್ ಮಾಡೋ ನಿಧಾನಸ್ಥ ಬ್ಯಾಕ್ಟೀರಿಯಾ ನೆಮ್ಮದಿಯಾಗಿ ಬೆಳೆಯುತ್ತೆ, ಹೊರಮೈಯಲ್ಲಿ ಆಕ್ಸಿಜನ್ ಇರಲ್ಲ ಆದ್ರೆ ಕಾರ್ಬನ್ ಇರುತ್ತೆ, ಅಲ್ಲಿರೋ ಬೇರೆ ಬ್ಯಾಕ್ಟೀರಿಯಾ ಅದೇ ನೈಟ್ರೇಟಿನ ಆಕ್ಸಿಜನ್ ಕಿತ್ಕೊಂಡು ನೈಟ್ರೋಜನ್ ಗಾಳಿ ಮಾಡಿ ಬಿಟ್ಟುಬಿಡುತ್ತೆ. ಒಂದೇ ಟ್ಯಾಂಕು, ಒಂದೇ ಪದರ, ಎರಡು ಕೆಲಸ. ಐರ್ಲೆಂಡಿನ ಆಕ್ಸಿಮೆಮ್, ವಿಯೋಲಿಯಾದ ಝೀಲಂಗ್, ಫ್ಲುಯೆನ್ಸ್ ಕಂಪನಿಯ ಸುರುಳಿ ಮಾದರಿ, ಇವು ಮಾರ್ಕೆಟ್ಟಲ್ಲಿ ಗೊತ್ತಿರೋ ಹೆಸರುಗಳು.

ಕೊಟೇಶನ್ ತರಿಸೋಕೆ ಮುಂಚೆ ಮೊದಲ ಕೆಲಸ ಅಳತೆ. ದಿನಕ್ಕೆ ಎಷ್ಟು ನೀರು ಬರುತ್ತೆ, ಅದರಲ್ಲಿ ಅಮೋನಿಯಾ ನೈಟ್ರೋಜನ್ ಎಷ್ಟು, ಅಲ್ಕಲಿನಿಟಿ (ಆಮ್ಲ ತಡೆಯೋ ಶಕ್ತಿ) ಎಷ್ಟು, ಈ ಮೂರು ಗೊತ್ತಿಲ್ಲದೆ ಯಾರ ಹತ್ರಾನೂ ಮಾತಾಡಬೇಡಿ. ಸ್ಯಾಂಪಲ್ ಬೆಳಗ್ಗೆ ಒಂದೇ ಸಲ ತಗೊಂಡ್ರೆ ಸಾಲದು, ಶಿಫ್ಟ್ ಹುಡುಗ್ರು ಸ್ನಾನ ಮಾಡೋ ಹೊತ್ತಲ್ಲಿ ಒಂಥರ ಇರುತ್ತೆ ಮಧ್ಯಾಹ್ನ ಅಡುಗೆಮನೆ ಪಾತ್ರೆ ತೊಳೆಯೋವಾಗ ಇನ್ನೊಂಥರ, ಇಡೀ ದಿನ ಸ್ವಲ್ಪ ಸ್ವಲ್ಪ ಹಿಡಿದು ಸೇರಿಸಿ ಲ್ಯಾಬಿಗೆ ಕೊಡಿ.

ಲೆಕ್ಕ ಹೀಗೆ ಮಾಡಿ. ಸಾವಿರ ಜನರ ಹಾಸ್ಟೆಲ್, ತಲೆಗೆ 100 ಲೀಟರ್ ಕೊಳಚೆ ಅಂದ್ರೆ ದಿನಕ್ಕೆ 1 ಲಕ್ಷ ಲೀಟರ್. ಒಳಗೆ ಬರೋ ಅಮೋನಿಯಾ ಲೀಟರಿಗೆ 45 ಮಿಲಿಗ್ರಾಂ, ಹೊರಗೆ 5 ಇರಬೇಕು ಅಂದ್ರೆ ತೆಗೀಬೇಕಾದ್ದು 40, ಅಂದ್ರೆ ದಿನಕ್ಕೆ 4 ಕೆಜಿ ನೈಟ್ರೋಜನ್. ಒಂದು ಚದರ ಮೀಟರ್ ಮೆಂಬ್ರೇನ್ ದಿನಕ್ಕೆ 1ರಿಂದ 2 ಗ್ರಾಂ ತೆಗೆಯುತ್ತೆ ಅಂತ ಇಟ್ಕೊಳ್ಳಿ, 2 ಗ್ರಾಂ ಅಂದ್ರೆ 2000 ಚದರ ಮೀಟರ್ ಬೇಕು, 1 ಗ್ರಾಂ ಅಂದ್ರೆ 4000. ಸೇಲ್ಸ್‌ನವರು ಇದಕ್ಕಿಂತ ದೊಡ್ಡ ನಂಬರ್ ಹೇಳಿದ್ರೆ ಯಾವ ಪ್ಲಾಂಟಲ್ಲಿ, ಎಷ್ಟು ಡಿಗ್ರಿ ನೀರಲ್ಲಿ, ಹೊರಗೆ ಅಮೋನಿಯಾ ಎಷ್ಟಿದ್ದಾಗ ಅಂತ ಕೇಳಿ, ಯಾಕಂದ್ರೆ ನೀರಲ್ಲಿ ಅಮೋನಿಯಾ ಕಮ್ಮಿ ಆದಷ್ಟೂ ಪದರದ ವೇಗಾನೂ ಇಳಿಯುತ್ತೆ, ಕೊನೇ 5 ಮಿಲಿಗ್ರಾಂ ತೆಗೆಯೋದು ಮೊದಲ 5ರಷ್ಟು ಸುಲಭ ಅಲ್ಲ. ಹಂಗಂತ ಇಡೀ ಭಾರ ಮೆಂಬ್ರೇನ್ ಮೇಲೇ ಬೀಳಲ್ಲ, ಪದರದಿಂದ ಉದುರಿದ ನೈಟ್ರಿಫೈಯರ್ (ಅಮೋನಿಯಾನ ನೈಟ್ರೇಟ್ ಮಾಡೋ) ಬ್ಯಾಕ್ಟೀರಿಯಾ ಟ್ಯಾಂಕಿನ ಸ್ಲಡ್ಜ್ (ಬ್ಯಾಕ್ಟೀರಿಯಾ ತುಂಬಿದ ಕೆಸರು) ಜೊತೆ ಸೇರಿ ಅಲ್ಲೂ ಕೆಲಸ ಮಾಡುತ್ತೆ, ಅದಕ್ಕೇ ಹಳೇ ಎಸ್‌ಟಿಪಿಗೆ ಜೋಡಿಸೋದು ಲಾಭ.

ಅಲ್ಕಲಿನಿಟಿ ವಿಷಯ ಎಲ್ಲರೂ ಮರೀತಾರೆ. 1 ಗ್ರಾಂ ಅಮೋನಿಯಾ ನೈಟ್ರೋಜನ್‌ನ ನೈಟ್ರೇಟ್ ಮಾಡೋಕೆ 4.57 ಗ್ರಾಂ ಆಕ್ಸಿಜನ್, 7.14 ಗ್ರಾಂ ಅಲ್ಕಲಿನಿಟಿ ಬೇಕು. ನಮ್ಮ ಉದಾಹರಣೆಲಿ 40 ಮಿಲಿಗ್ರಾಂಗೆ ಸುಮಾರು 286 ಮಿಲಿಗ್ರಾಂ ಅಲ್ಕಲಿನಿಟಿ ಖರ್ಚು, ನೈಟ್ರೇಟೂ ಪೂರ್ತಿ ಹೋದ್ರೆ ಅದರಲ್ಲಿ ಅರ್ಧದಷ್ಟು ವಾಪಸ್ ಬರುತ್ತೆ. ಬೋರ್ ನೀರು ನೇರ ಬಳಸೋ ಕಟ್ಟಡಕ್ಕೆ ಸಾಮಾನ್ಯವಾಗಿ ತೊಂದ್ರೆ ಇಲ್ಲ, ನಮ್ಮ ಕಡೆ ನೀರಲ್ಲಿ ಬೈಕಾರ್ಬನೇಟ್ ಸಾಕಷ್ಟಿರುತ್ತೆ. ಆದ್ರೆ ಸ್ನಾನಕ್ಕೂ ಆರ್‌ಓ ನೀರು ಕೊಡೋ ಕಡೆ ಅಲ್ಕಲಿನಿಟಿ ಬಿದ್ದುಹೋಗುತ್ತೆ, ಪಿಎಚ್ 6.5ಕ್ಕೆ ಇಳಿದ್ರೆ ನೈಟ್ರಿಫೈಯರ್ ಸುಸ್ತಾಗುತ್ತೆ, ಅಂಥ ಕಡೆ ಅಡುಗೆ ಸೋಡಾ ಡೋಸ್ ಮಾಡೋಕೆ ಒಂದು ಸಣ್ಣ ಪಂಪ್ ಮೊದಲೇ ಪ್ಲಾನಲ್ಲಿ ಸೇರಿಸಿ.

ಜಾಗ ಎಲ್ಲಿ? ಈಗಿರೋ ಏರೇಷನ್ ಟ್ಯಾಂಕಿನ ಮೊದಲ ಭಾಗಕ್ಕೆ ಅಡ್ಡಗೋಡೆ ಹಾಕಿ ಅಲ್ಲಿ ಮೆಂಬ್ರೇನ್ ಕ್ಯಾಸೆಟ್ (ಎಳೆ ಜೋಡಿಸಿದ ಚೌಕಟ್ಟು) ಇಳಿಸಿ, ಆ ಭಾಗದ ಗುಳ್ಳೆ ಬಿಡೋ ಹಳೇ ಡಿಫ್ಯೂಸರ್ ಬಂದ್ ಮಾಡಿ, ಕೆಸರು ತಳಕ್ಕೆ ಕೂರಿಸೋ ಕ್ಲಾರಿಫೈಯರ್‌ನಿಂದ ವಾಪಸ್ ಬರೋ ಸ್ಲಡ್ಜ್ ಇಲ್ಲಿಗೇ ಬೀಳಲಿ, ತಳಕ್ಕೆ ಕೂರದ ಹಾಗೆ ಒಂದು ಮಿಕ್ಸರ್ ಇರಲಿ. ಒಳಗೆ ಬರೋ ಹಸಿ ಕೊಳಚೆಯ ಕಾರ್ಬನ್ ಇದೇ ಭಾಗದಲ್ಲಿ ಸಿಗೋದ್ರಿಂದ ನೈಟ್ರೇಟ್ ತೆಗೆಯೋ ಬ್ಯಾಕ್ಟೀರಿಯಾಗೆ ಊಟ ಸಿಕ್ಕಂಗಾಯ್ತು. ಉಳಿದ ಭಾಗದಲ್ಲಿ ಗುಳ್ಳೆ ಏರೇಷನ್ ಮುಂದುವರೀಲಿ, ಬಿಓಡಿ ಅಲ್ಲಿ ಮುಗಿಯುತ್ತೆ. ಮೆಂಬ್ರೇನ್ ಹಾಕಿದ್ದೀವಲ್ಲ ಅಂತ ಹಳೇ ಬ್ಲೋವರ್ ಮಾರಿಬಿಡೋ ಯೋಚನೆ ಮಾಡಬೇಡಿ.

ಈಗ ಜೀವ ಇರೋ ಜಾಗಕ್ಕೆ ಬರೋಣ, ಅದು ಸ್ಕ್ರೀನು, ಒಳಬರೋ ಕೊಳಚೆ ಸೋಸೋ ಜರಡಿ. ಕೂದಲು ಈ ತಂತ್ರಜ್ಞಾನದ ದೊಡ್ಡ ಶತ್ರು. ಲೇಡೀಸ್ ಹಾಸ್ಟೆಲ್ಲಾದ್ರೆ ಇನ್ನೂ ಹುಷಾರಾಗಿರಿ, ಉದ್ದ ಕೂದಲು ಎಳೆಗಳ ಬುಡಕ್ಕೆ ಸುತ್ಕೊಂಡು ಅದಕ್ಕೆ ವೈಪ್ಸ್ ನೂಲು ಸೇರಿ ಜಡೆ ಥರ ಗಂಟಾಗುತ್ತೆ, ಆ ಗಂಟಿನ ಒಳಗಿರೋ ಎಳೆಗೆ ಹೊಸ ನೀರೇ ಮುಟ್ಟಲ್ಲ, ಅಷ್ಟು ಚದರ ಮೀಟರ್ ದುಡ್ಡು ಕೊಟ್ಟು ತಂದಿದ್ದು ಸುಮ್ನೆ ಹೋಯ್ತು. ಬಾರ್ ಸ್ಕ್ರೀನ್ ಸಾಲದು, 3 ಮಿಲಿಮೀಟರ್ ಅಥವಾ ಅದಕ್ಕಿಂತ ಸಣ್ಣ ತೂತಿನ ಪಂಚ್ಡ್ ಪ್ಲೇಟ್ ಸ್ಕ್ರೀನ್ ಹಾಕಿ, ಉದ್ದ ಸೀಳು ಇರೋದು ಬೇಡ, ಕೂದಲು ಅದರಲ್ಲಿ ನೆಟ್ಟಗೆ ನುಸುಳುತ್ತೆ. ಎಣ್ಣೆನೂ ಅಷ್ಟೇ. ಅಡುಗೆಮನೆ ಲೈನಿಗೆ ಬೇರೆ ಗ್ರೀಸ್ ಟ್ರಾಪ್ ಇರಬೇಕು, ಮುದ್ದೆ ಮಾಡಿದ ಪಾತ್ರೆ ನೆನೆಸಿದ ಗಂಜಿ ನೀರು ನೇರ ಬಂದ್ರೆ ಬಿಓಡಿ ಏರಿ ಹೊರಮೈ ಪದರ ದಪ್ಪ ಆಗುತ್ತೆ, ಪಾತ್ರೆ ಕೆರೆದು ಕಸಕ್ಕೆ ಹಾಕಿ ಆಮೇಲೆ ತೊಳೀರಿ ಅಂತ ಅಡುಗೆಯವರಿಗೆ ಸಮಾಧಾನವಾಗಿ ಹೇಳಿ, ಅವರು ಕೇಳ್ತಾರೆ. ಹೌಸ್‌ಕೀಪಿಂಗ್‌ನವರಿಗೂ ಬ್ಲೀಚಿಂಗ್ ಪೌಡರ್, ಫಿನಾಯಿಲ್, ಆಸಿಡ್ ಬಕೆಟ್‌ಗಟ್ಲೆ ಒಂದೇ ದಿನ ಸುರೀಬೇಡಿ ಅಂತ ಹೇಳಬೇಕು.

ಶುರು ಮಾಡೋವಾಗ ಎಸ್‌ಟಿಪಿಗೆ ಸಗಣಿ ಕದಡಿ ಹಾಕೋ ಪದ್ಧತಿ ಇದೆಯಲ್ಲ, ಇಲ್ಲಿ ಅದರಿಂದ ಪ್ರಯೋಜನ ಇಲ್ಲ. ಸಗಣಿಯಲ್ಲಿ ಕಾರ್ಬನ್ ತಿನ್ನೋ ಬ್ಯಾಕ್ಟೀರಿಯಾ ಸಿಗುತ್ತೆ, ನಮಗೆ ಬೇಕಾದ್ದು ನೈಟ್ರಿಫೈಯರ್. ಅಮೋನಿಯಾ ಚೆನ್ನಾಗಿ ತೆಗೆಯೋ ಇನ್ನೊಂದು ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್ ತರಿಸಿ. ಆಮೇಲೆ ತಾಳ್ಮೆ, ಪದರ ಕಟ್ಟೋಕೆ ಕೆಲವು ವಾರ ಬೇಕು, ಒಂದು ತಿಂಗಳು ದಾಟಿದ್ರೂ ಗಾಬರಿ ಬೀಳಬೇಡಿ. ಮೊದಲು ನೈಟ್ರೈಟ್ (ನೈಟ್ರೇಟ್ ಆಗೋಕೆ ಮುಂಚಿನ ಹಂತ) ಏರುತ್ತೆ, ಆಮೇಲೆ ಅದು ಇಳಿದು ನೈಟ್ರೇಟ್ ಕಾಣಿಸುತ್ತೆ, ಹಿಂಗೆ ಆದ್ರೆ ದಾರಿ ಸರಿ ಇದೆ ಅಂತ ಅರ್ಥ. ದಿನಾ ಲ್ಯಾಬಿಗೆ ಕಳಿಸೋಕೆ ಆಗಲ್ಲ, ಅಕ್ವೇರಿಯಂ ಅಂಗಡಿಲಿ ಸಿಗೋ ಅಮೋನಿಯಾ ಕಿಟ್ ಸಾಕು, ಹಳದಿಯಿಂದ ಹಸಿರಿಗೆ ತಿರುಗೋದು. ಅದರ ಕಾರ್ಡು ಸಾಮಾನ್ಯವಾಗಿ 8ಕ್ಕೆ ನಿಲ್ಲುತ್ತೆ, ಅದಕ್ಕೆ 1 ಪಾಲು ಕೊಳಚೆಗೆ 9 ಪಾಲು ಡಿಸ್ಟಿಲ್ಡ್ ವಾಟರ್ ಸೇರಿಸಿ ನೋಡಿ ಹತ್ತರಿಂದ ಗುಣಿಸಿ.

ಪ್ಲಾಂಟ್ ಓಡೋಕೆ ಶುರುವಾದ ಮೇಲೆ ಆಪರೇಟರ್ ದಿನಾ ನೋಡಬೇಕಾದ್ದು ಏನು ಅಂತ ಕೇಳಿದ್ರೆ ನಾನು ಮೊದಲು ಹೇಳೋದು ಎಕ್ಸಾಸ್ಟ್ ಆಕ್ಸಿಜನ್. ಒಳಗೆ ಹೋಗೋ ಗಾಳಿಯಲ್ಲಿ ಆಕ್ಸಿಜನ್ ಶೇ 20.9 ಇರುತ್ತೆ. ಮೆಂಬ್ರೇನ್ ದಾಟಿ ಹೊರಬರೋ ಪೈಪಿನ ಬಾಯಿಗೆ ಆಕ್ಸಿಜನ್ ಮೀಟರ್ ಹಿಡೀರಿ, ಮೊದಲ ದಿನ 20ರ ಆಸುಪಾಸು ತೋರಿಸುತ್ತೆ, ಪದರ ಬೆಳೆದಂಗೆ 18, 16, 14 ಅಂತ ಇಳಿಯುತ್ತೆ. ಇಳಿದಷ್ಟೂ ಒಳಗಿರೋ ಜೀವಿಗಳು ಉಸಿರಾಡ್ತಿವೆ ಅಂತ ಅರ್ಥ, ಲ್ಯಾಬ್ ರಿಪೋರ್ಟ್ ಬರೋಕೆ ಮುಂಚೇನೇ ಪ್ಲಾಂಟಿನ ಆರೋಗ್ಯ ಗೊತ್ತಾಗೋಯ್ತು. ಚೆನ್ನಾಗಿ ಇಳಿದಿದ್ದು ಒಂದಿನ ಬೆಳಗ್ಗೆ ಇದ್ದಕ್ಕಿದ್ದಂಗೆ 20ಕ್ಕೆ ಏರಿದ್ರೆ ಪದರದ ಜೀವಿಗಳಿಗೆ ಏನೋ ಆಗಿದೆ, ಯಾರೋ ಬ್ಲೀಚ್ ಸುರಿದಿರಬಹುದು. ತುಂಬಾ ಕೆಳಗೆ, ಶೇ 5ಕ್ಕೆ ಇಳಿದ್ರೆ ಗಾಳಿ ಸಾಲ್ತಿಲ್ಲ, ವಾಲ್ವ್ ಸ್ವಲ್ಪ ತೆಗೀರಿ, ಆದ್ರೆ ಕಂಪನಿ ಕೊಟ್ಟ ಪ್ರೆಶರ್ ಮಿತಿ ದಾಟಿಸಬೇಡಿ. ಕೋಲಾರ ಸಮುದ್ರಮಟ್ಟಕ್ಕಿಂತ 800 ಮೀಟರ್‌ಗೂ ಎತ್ತರದಲ್ಲಿದೆ, ಗಾಳಿ ತೆಳು, ಬ್ಲೋವರ್ ಆರಿಸೋವಾಗ ಅದನ್ನ ಲೆಕ್ಕಕ್ಕೆ ತಗೊಂಡಿದ್ದಾರಾ ಅಂತ ಕೇಳಿ.

ಗಾಳಿ ಕೊಳವೆಯಲ್ಲಿ ನೀರಾವಿ ತಣ್ಣಗಾಗಿ ನೀರು ನಿಲ್ಲುತ್ತೆ, ಡಿಸೆಂಬರ್ ಜನವರಿ ಚಳೀಲಿ ಇನ್ನೂ ಜಾಸ್ತಿ, ದಿನಾ ಡ್ರೈನ್ ವಾಲ್ವ್ ತಿರುಗಿಸಿ ಬಿಡಿ.

ಇನ್ನು ಪದರದ ದಪ್ಪ. ತೆಳ್ಳಗಿದ್ರೆ ಕೆಲಸ ಕಮ್ಮಿ, ತುಂಬಾ ದಪ್ಪ ಆದ್ರೆ ಹೊರಗಿನ ಅಮೋನಿಯಾ ಒಳಗೆ ತಲುಪೋದೇ ಇಲ್ಲ. ಅದಕ್ಕೇ ಕ್ಯಾಸೆಟ್ ಕೆಳಗಿಂದ ಆಗಾಗ ದಪ್ಪ ಗುಳ್ಳೆ ಬಿಟ್ಟು ಹೊರಮೈ ಉದುರಿಸೋ ವ್ಯವಸ್ಥೆ ಇರುತ್ತೆ, ಇದನ್ನ ಸ್ಕೌರಿಂಗ್ ಅಂತಾರೆ, ಟೈಮರ್ ಮೇಲೆ ತಾನೇ ನಡೆಯುತ್ತೆ. ಕ್ರೇನಲ್ಲಿ ಕ್ಯಾಸೆಟ್ ಮೇಲೆತ್ತಿದಾಗ ತೆಳ್ಳಗೆ ಕಂದು ಬಣ್ಣ ಇದ್ರೆ ಖುಷಿಪಡಿ, ಬೂದು ಕಪ್ಪಿನ ಜೆಲ್ಲಿ ಥರ ಜೋತಾಡ್ತಾ ಕೊಳೆತ ಮೊಟ್ಟೆ ವಾಸನೆ ಬಂದ್ರೆ ಸ್ಕೌರಿಂಗ್ ಜಾಸ್ತಿ ಮಾಡಿ, ಬಿಓಡಿ ಎಲ್ಲಿಂದ ಬರ್ತಿದೆ ಹುಡುಕಿ. ಆ ವಾಸನೆ ಹೈಡ್ರೋಜನ್ ಸಲ್ಫೈಡ್, ಅದು ಕೊಲ್ಲುತ್ತೆ. ಟ್ಯಾಂಕಿಗೆ ಯಾರನ್ನೂ ಇಳಿಸಬೇಡಿ, 2013ರ ಕಾಯ್ದೆ ಪ್ರಕಾರ ರಕ್ಷಣಾ ವ್ಯವಸ್ಥೆ ಇಲ್ಲದೆ ಸೆಪ್ಟಿಕ್ ಟ್ಯಾಂಕಿಗೆ, ಒಳಚರಂಡಿಗೆ ಇಳಿಸೋದು ಅಪರಾಧ, ಕ್ಯಾಸೆಟ್ ಮೇಲಕ್ಕೆ ಬರಬೇಕೇ ಹೊರತು ಮನುಷ್ಯ ಕೆಳಕ್ಕೆ ಹೋಗಬಾರದು.

ಕರೆಂಟ್ ವಿಷಯದಲ್ಲಿ ಲಾಭ ಇದೆ. ಮೇಲಿನ ಲೆಕ್ಕದ 4 ಕೆಜಿಗೆ ದಿನಕ್ಕೆ ಸುಮಾರು 18 ಕೆಜಿ ಆಕ್ಸಿಜನ್ ಸಾಕು, ಅದರಲ್ಲಿ ಮೂರನೇ ಒಂದು ಭಾಗದಷ್ಟು ಆಕ್ಸಿಜನ್ ಪದರಕ್ಕೆ ಸೇರಿದ್ರೂ ಗಂಟೆಗೆ 8, 9 ಘನ ಮೀಟರ್ ಗಾಳಿ ಆಯ್ತು, ಅಂದ್ರೆ ಪುಟ್ಟ ಬ್ಲೋವರ್. ಲೋಡ್‌ಶೆಡ್ಡಿಂಗ್ ಹೊತ್ತಲ್ಲಿ ಇದೊಂದನ್ನ ಇನ್ವರ್ಟರ್ ಮೇಲೆ ಓಡಿಸಬಹುದು, ಮಾಡಿ.

ಎಂಎಬಿಆರ್ ಮಾಡದ ಕೆಲಸಗಳೂ ಇವೆ. ರಂಜಕ ತೆಗೆಯಲ್ಲ, ಅದಕ್ಕೆ ಆಲಂ ಅಥವಾ ಫೆರಿಕ್ ಬೇಕು. ರೋಗಾಣು ಸಾಯಲ್ಲ, ಕೊನೆಗೆ ಫಿಲ್ಟರ್ ಮತ್ತೆ ಯುವಿ ಅಥವಾ ಕ್ಲೋರಿನ್ ಇರಲೇಬೇಕು, ಹುಲ್ಲುಹಾಸಿಗೆ ಬಿಡೋದಾದ್ರೂ ಅಷ್ಟೇ.

ಆರ್ಡರ್ ಕೊಡೋವಾಗ ಬರವಣಿಗೆಯಲ್ಲಿ ತಗೊಳ್ಳಿ: ಹೊರಗಿನ ನೀರಲ್ಲಿ ಅಮೋನಿಯಾ ಎಷ್ಟು ಅನ್ನೋ ಗ್ಯಾರಂಟಿ, ಮೆಂಬ್ರೇನ್ ಎಷ್ಟು ವರ್ಷ ಬದಲಾಯಿಸಿ ಕೊಡ್ತಾರೆ, ಒಂದು ಕ್ಯಾಸೆಟ್ ಮಾತ್ರ ಬಂದ್ ಮಾಡಿ ಉಳಿದದ್ದು ಓಡಿಸೋಕೆ ಆಗುತ್ತಾ, ಸ್ಪೇರ್ ಬೆಂಗಳೂರಲ್ಲಿ ಸಿಗುತ್ತಾ ಹಡಗಲ್ಲಿ ಬರಬೇಕಾ. ಎಕ್ಸಾಸ್ಟ್ ಪೈಪಿಗೆ ಮೀಟರ್ ಹಿಡಿಯೋಕೆ ಸ್ಯಾಂಪಲ್ ವಾಲ್ವ್ ಇಲ್ಲದ ಡ್ರಾಯಿಂಗ್ ಕೊಟ್ರೆ ಸಹಿ ಹಾಕಬೇಡಿ, ವಾಪಸ್ ಕಳಿಸಿ.